ಐದೂವರೆ ಕಿಲೋ

ಹದಿನಾಲ್ಕು ವರ್ಷ ಬೆನ್ನಿನಿಂದಲೇ ಉಂಡವನು ನಾನು.
ಹಾಸನದ ಎಪಿಎಂಸಿ ಯಾರ್ಡಿನಲ್ಲಿ ಕೇಳಿ ನೋಡಿ,
ಐವತ್ತು ಕಿಲೋ ಆಲೂಗಡ್ಡೆ ಚೀಲ
ಲಾರಿಯಿಂದ ನನ್ನ ಹೆಗಲಿಗೆ ಇಳಿಯುವಾಗ
ಸದ್ದೇ ಆಗುವುದಿಲ್ಲ.
ಹೊರುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ
ಅಂದುಕೊಂಡಿದ್ದೆ.

ಸುಗುಣ ಅದನ್ನು ಗಾರ್ಮೆಂಟ್ಸಿನಿಂದ ತಂದಳು.
ಅವಳ ಲೈನಿನಲ್ಲೇ ಹೊಲಿದದ್ದು,
ಯಾವುದೋ ದೇಶದ ಯಾವುದೋ ಕೂಸಿಗೆ.
ಒಂದು ಕಡೆ ಬಣ್ಣ ಮಾಸಲು, ಅಷ್ಟಕ್ಕೇ ರಿಜೆಕ್ಟು.
ದುಡ್ಡು ಕೊಟ್ಟು, ಗೇಟಿಗೆ ಚೀಟಿ ಬರೆಸಿಕೊಂಡು ತಂದಳು.
ಆ ರಾತ್ರಿ ಬಲ್ಬಿನ ಕೆಳಗೆ ಕೂತು
ಒಂದೊಂದು ಹೊಲಿಗೆಯನ್ನೂ ಹೇನು ಹುಡುಕುವ ಹಾಗೆ ನೋಡಿದಳು.
ಪಟ್ಟಿಗೆ ಕಾಲು ಕೊಟ್ಟು ಎಳೆದಳು.
ಬಕಲ್ಲು ಹಾಕಿದಳು, ತೆಗೆದಳು, ಹಾಕಿದಳು.
“ಟಕ್ ಅನ್ನಬೇಕು.
ಅನ್ನದಿದ್ದರೆ ಹಾಕಿಲ್ಲ ಅಂತಲೇ ಲೆಕ್ಕ.”

ಕೂಸನ್ನು ಮಾತ್ರ ಕೊಡಲಿಲ್ಲ.
ಮೂರು ದಿನ ನನ್ನ ಎದೆಗೆ
ಐದೂವರೆ ಕಿಲೋ ಆಲೂಗಡ್ಡೆ ಕಟ್ಟಿ
ಬೀದಿಯ ಈ ತುದಿಯಿಂದ ಆ ತುದಿಗೆ ನಡೆಸಿದಳು.
ಪಕ್ಕದ ಮನೆಯ ಜುಬೇದಾಬಿ ಇಣುಕಿ
“ಅಯ್ಯೋ, ಮಗೂಗೆ ಎಷ್ಟೊಂದು ಕಣ್ಣು!” ಅಂತ
ನಕ್ಕಿದ್ದೇ ನಕ್ಕಿದ್ದು.

ಎರಡನೇ ದಿನ ಚಪ್ಪಲಿಯ ಉಂಗುಷ್ಟ ಕಿತ್ತಿತು.
ಚೀಲ ಎತ್ತುವವನ ಚಾಳಿ, ಸೊಂಟದಿಂದ ಬಗ್ಗಿದೆ.
ಎರಡು ಆಲೂಗಡ್ಡೆ ಉರುಳಿ ಚರಂಡಿಗೆ ಬಿದ್ದವು.
ಸುಗುಣ ಬೈಯಲಿಲ್ಲ.
ಎತ್ತಿ, ಸೆರಗಿನಲ್ಲಿ ಒರೆಸಿ,
ಒಂದನ್ನು ನನ್ನ ಅಂಗೈಯಲ್ಲಿಟ್ಟಳು.
ಅದು ನಮ್ಮ ಹಂಸಿಕಳ ತಲೆಯಷ್ಟೇನೂ ಇರಲಿಲ್ಲ.
ಆದರೂ ಇಡೀ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅಲ್ಲಿಂದ ನಾನು ಬಗ್ಗುವುದಿಲ್ಲ, ಮಂಡಿಯೂರುತ್ತೇನೆ.
ನಮ್ಮ ಮೇಸ್ತ್ರಿ ನಿಂಗೇಗೌಡರು ಹೇಳುತ್ತಿದ್ದದ್ದೂ ಅದೇ:
ಭಾರ ಸೊಂಟಕ್ಕೆ ಕೊಡು ಮಗಾ, ಹೆಗಲು ಬರೀ ಸಾಕ್ಷಿ.
ಸೊಂಟದ ಪಟ್ಟಿ ಬಿಗಿಯಾಗಿ ಕೂತ ಮೇಲೆ
ಹೆಗಲಿನದು ತಾನೇ ಸುಮ್ಮನಾಯಿತು.

ನಾಲ್ಕನೆಯ ದಿನ ಬಂದಳು ಅವಳು, ಬೆಚ್ಚಗೆ.
ಕಪ್ಪೆ ಕೂತ ಹಾಗೆ ಕುಂಡೆ ಕೆಳಗೆ, ಮಂಡಿ ಮೇಲೆ,
ಬಟ್ಟೆ ತೊಡೆ ತುಂಬಾ.
ಕತ್ತು ಇನ್ನೂ ನಿಂತಿಲ್ಲ, ಮುಖ ನನ್ನ ಕಡೆಗೇ,
ಕೆನ್ನೆ ನನ್ನ ಎದೆಗೆ, ಮೂಗು ಗಾಳಿಗೆ.
“ಗದ್ದದ ಕೆಳಗೆ ಎರಡು ಬೆರಳು ಹೋಗಬೇಕು,”
ಅಂದ ಸುಗುಣ ನನ್ನ ದಪ್ಪ ಬೆರಳು ನೋಡಿ
“ನಿನ್ನವೂ ಎರಡೇ, ಜಾಸ್ತಿ ಜಾಗವಾದರೆ ನಷ್ಟವಿಲ್ಲ” ಅಂದಳು.
ಕತ್ತು ಬಗ್ಗಿಸಿದರೆ ನೆತ್ತಿಗೆ ಮುತ್ತು ಎಟುಕಬೇಕಂತೆ,
ಎಟುಕದಿದ್ದರೆ ಕೂಸು ಕೆಳಗೆ ಜಾರಿದೆ ಎಂದರ್ಥವಂತೆ.
ಹತ್ತು ಹೆಜ್ಜೆಗೊಮ್ಮೆ ಅಳತೆ ನೋಡುತ್ತೇನೆ.
ಇಷ್ಟು ಅಳತೆ ಬೇಕಿಲ್ಲ, ನನಗೂ ಗೊತ್ತು.

ಈಗ ಸೀಸನ್ ಇಲ್ಲ. ಬೆಳಿಗ್ಗೆ ಅವಳು ಫ್ಯಾಕ್ಟರಿ ಬಸ್ಸು ಹತ್ತಿದ ಮೇಲೆ
ನಾವಿಬ್ಬರೂ ಕಟ್ಟಿನಕೆರೆ ಮಾರ್ಕೆಟ್ಟಿಗೆ ಸೊಪ್ಪಿಗೆ ಹೋಗುತ್ತೇವೆ.
ಶಬ್ಬೀರ ಸ್ಕೂಟರು ನಿಲ್ಲಿಸಿ “ಹತ್ತೋ” ಅನ್ನುತ್ತಾನೆ.
ಇದನ್ನು ಕಟ್ಟಿಕೊಂಡು ಗಾಡಿ ಹತ್ತೋದಿಲ್ಲ ಮಾರಾಯ, ಹೋಗು.
ಟೀ ಅಂಗಡಿಯವನು ಲೋಟ ಚಾಚುತ್ತಾನೆ.
ಐವತ್ತು ಕಿಲೋ ಹೊತ್ತವನಿಗೆ
ಆ ನೆತ್ತಿಯ ಮೇಲೆ ಬಿಸಿ ಲೋಟ ಹಿಡಿಯುವ ಧೈರ್ಯವಿಲ್ಲ.
ಬಿಸಿಲೇರಿದರೆ ಅವಳ ಬೆನ್ನಿಗೆ ಕೈಯಿಟ್ಟು ನೋಡಿ
ಟೊಪ್ಪಿ ಸರಿಮಾಡಿ, ನೆರಳಿನ ಬದಿಗೆ ದಾಟುತ್ತೇನೆ.

ಚೀಲ ಸುಮ್ಮನಿದ್ದಷ್ಟೂ ಒಳ್ಳೆಯದು.
ಇವಳು ಸುಮ್ಮನಾದರೆ
ಕೊತ್ತಂಬರಿ ಕಟ್ಟು ಕೈಯಲ್ಲಿದ್ದಂತೆಯೇ ನಿಲ್ಲುತ್ತೇನೆ.
ಕೆಳಗೆ ನೋಡಿ, ಉಸಿರು ಎಣಿಸಿ,
ಆಮೇಲೆ ಚಿಲ್ಲರೆ ಎಣಿಸುತ್ತೇನೆ.

ಆ ಆಲೂಗಡ್ಡೆ ಏನು ಮಾಡಿದಿರಿ ಅಂತ ಮೊನ್ನೆ
ಜುಬೇದಾಬಿ ಕೇಳಿದರು.
ಪಲ್ಯ ಮಾಡಿ ತಿಂದೆವು.
ಚರಂಡಿಗೆ ಬಿದ್ದ ಎರಡನ್ನು ಮಾತ್ರ ಸುಗುಣ ಬಿಡಲಿಲ್ಲ;
ಪಟ್ಟಿ ನೇತುಹಾಕುವ ಮೊಳೆಯ ಕೆಳಗೆ, ಕಿಟಕಿಯಲ್ಲಿ ಇಟ್ಟಿದ್ದಾಳೆ.
ಮೊಳಕೆ ಬಂದಿವೆ.